ಗೆಲಿಲಿಯೊ ಸಮಾಧಿ ನೋಡಿ ಬಂದರೆ ತಲೆಗೆ ಸ್ನಾನ ಮಾಡಬೇಕೇ?

ಪ್ರಶ್ನೆ: ಮುಂದಿನ ಜೂನ್‌ನಲ್ಲಿ ನಾವು ನಾಲ್ವರು ಇಟಲಿಗೆ ಹೊರಟಿದ್ದೇವೆ. ನಾನು, ಯಜಮಾನರು, ಅತ್ತೆ, ಮಾವ. ಮಾವನವರಿಗೆ 76 ವರ್ಷ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವರು. ಇಡೀ ಇಟಲಿಯಲ್ಲಿ ಅವರಿಗಿರುವ ಆಸೆ ಒಂದೇ: ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿರುವ ಗೆಲಿಲಿಯೊ ಸಮಾಧಿಯನ್ನು ನೋಡಬೇಕು. ಟೂರಿನವರು ಕೊಟ್ಟ ಪಟ್ಟಿಯಲ್ಲಿ ‘ಸಾಂತಾ ಕ್ರೋಚೆ, ಹೊರಗಿನಿಂದ ವೀಕ್ಷಣೆ’ ಎಂದಷ್ಟೇ ಇದೆ. ಅತ್ತೆಯವರದು ಬೇರೆಯೇ ಚಿಂತೆ. ಅಲ್ಲಿ ನೆಲದ ತುಂಬಾ ಸಮಾಧಿಗಳಂತೆ, ತುಳಿದುಕೊಂಡೇ ಹೋಗಬೇಕಂತೆ, ಆಮೇಲೆ ತಲೆಗೆ ಸ್ನಾನ ಎಲ್ಲಿ ಮಾಡುವುದು ಎನ್ನುತ್ತಾರೆ. ಇದರ ಮೇಲೆ ನಾದಿನಿ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದಾಳೆ: ಆ ಚರ್ಚಿಗೆ ಹೋದವರು ತಲೆತಿರುಗಿ ಬೀಳುತ್ತಾರಂತೆ. ಮಾವನವರಿಗೆ ಬಿಪಿ ಇದೆ, ಒಂದು ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ಅಲ್ಲದೆ, ಗೆಲಿಲಿಯೊನನ್ನು ಚರ್ಚಿನವರೇ ಸುಟ್ಟರು ಎಂದು ಎಲ್ಲೋ ಓದಿದ ನೆನಪು. ಹಾಗಿದ್ದರೆ ಆ ಸಮಾಧಿಯೊಳಗೆ ಇರುವುದಾದರೂ ಏನು? ದಯವಿಟ್ಟು ತಿಳಿಸಿ.
— ಹಾಸನದಿಂದ ಒಬ್ಬ ಓದುಗರು

ಉತ್ತರ: ನಿಮ್ಮ ಮನೆಯಲ್ಲಿ ಒಬ್ಬರಿಗೆ ಆ ಸಮಾಧಿಯ ಆಸೆ, ಇನ್ನೊಬ್ಬರಿಗೆ ಅದರದೇ ಅಂಜಿಕೆ. ಇಬ್ಬರನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆದೊಯ್ಯುವ ಹೊಣೆ ಸೊಸೆಯ ಮೇಲೆ. ನಾನು ಹಳೆಯ ಭಿತ್ತಿಚಿತ್ರಗಳ ಸಂರಕ್ಷಣೆಯ ಕೆಲಸದವಳು. ಕಲಿಯಲೆಂದು ಫ್ಲಾರೆನ್ಸಿನಲ್ಲಿ ಎರಡು ಚಳಿಗಾಲ ಕಳೆದಾಗ ಸಾಂತಾ ಕ್ರೋಚೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆಮೇಲೆ ನಮ್ಮೂರಿನಿಂದ ಬಂದ ಹಿರಿಯರನ್ನೂ ಒಂದಿಷ್ಟು ಸಲ ಕರೆದುಕೊಂಡು ಹೋಗಿದ್ದೇನೆ. ಅವರಲ್ಲಿ ಅರ್ಧದಷ್ಟು ಜನ ನಿಮ್ಮ ಅತ್ತೆಯವರ ಪ್ರಶ್ನೆಯನ್ನೇ ಕೇಳಿದ್ದರು.

ಮೊದಲು ಸುಟ್ಟ ಸುದ್ದಿ. ಗೆಲಿಲಿಯೊನನ್ನು ಯಾರೂ ಸುಡಲಿಲ್ಲ. 1600ರಲ್ಲಿ ರೋಮಿನಲ್ಲಿ ಸುಟ್ಟದ್ದು ಜೊರ್ಡಾನೊ ಬ್ರೂನೋ ಎಂಬ ದಾರ್ಶನಿಕನನ್ನು. ನಮ್ಮಲ್ಲಿ ಎಷ್ಟೋ ಜನ ಇಬ್ಬರ ಕಥೆಯನ್ನೂ ಕಲಸಿ ಒಂದೇ ಮಾಡಿದ್ದಾರೆ. ಗೆಲಿಲಿಯೊಗೆ 1633ರಲ್ಲಿ ವಿಚಾರಣೆಯಾಯಿತು, ಭೂಮಿ ಸುತ್ತುತ್ತದೆ ಎಂಬ ಮಾತನ್ನು ಕೈಬಿಡುವಂತೆ ಮಾಡಿದರು. ಉಳಿದ ಆಯುಷ್ಯವನ್ನು ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿಯಲ್ಲಿ ಗೃಹಬಂಧನದಲ್ಲಿ ಕಳೆದು, ಕಣ್ಣನ್ನೂ ಕಳೆದುಕೊಂಡು, 1642ರ ಜನವರಿ 8ರಂದು ತೀರಿಕೊಂಡ.

ಕಥೆ ಕುತೂಹಲಕಾರಿಯಾಗುವುದು ಸತ್ತ ಮೇಲೆ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯದ ದೊರೆ ಅವನಿಗೆ ಸಾಂತಾ ಕ್ರೋಚೆಯಲ್ಲಿ ಭವ್ಯ ಸ್ಮಾರಕ ಕಟ್ಟಿಸಬೇಕೆಂದಿದ್ದ. ಶಿಕ್ಷೆಗೊಳಗಾದವನಿಗೆ ಅಂಥ ಗೌರವ ಸಲ್ಲದೆಂದು ರೋಮಿನಿಂದ ಆಕ್ಷೇಪ ಬಂತು. ಹಾಗಾಗಿ ದೇಹವನ್ನು ಚರ್ಚಿನ ಮುಖ್ಯ ಭಾಗದಲ್ಲಿ ಇಡದೆ, ಹಿಂಬದಿಯ ಒಂದು ಪುಟ್ಟ ಕೋಣೆಯಲ್ಲಿ ಸದ್ದಿಲ್ಲದೆ ಹೂಳಿದರು. ಅಲ್ಲಿ ಅವನು ಮಲಗಿದ್ದು ಎಷ್ಟು ದಿನ ಗೊತ್ತೇ? ತೊಂಬತ್ತೈದು ವರ್ಷ. ಅವನ ಕೊನೆಯ ಶಿಷ್ಯ ವಿವಿಯಾನಿ ಗುರುವಿನ ಸ್ಮಾರಕಕ್ಕೆಂದು ಉಯಿಲಿನಲ್ಲಿ ಹಣ ಬರೆದಿಟ್ಟು ತಾನೂ ಕಣ್ಮುಚ್ಚಿದ. 1737ರ ಮಾರ್ಚ್ 12ರಂದು, ಕೊನೆಗೂ, ಗುರುವನ್ನು ಈಗಿನ ಜಾಗಕ್ಕೆ ತಂದರು. ಜತೆಯಲ್ಲೇ ವಿವಿಯಾನಿಯ ಅಸ್ಥಿಗಳನ್ನೂ ಇಟ್ಟರು. ಗುರುವಿನ ಪಕ್ಕದಲ್ಲಿ ಶಿಷ್ಯ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವರಿಗೆ ಈ ಭಾಗವನ್ನು ಹೋಗುವ ಮುಂಚೆಯೇ ಹೇಳಿಬಿಡಿ. ಅಗೆದಾಗ ಅಲ್ಲಿ ಒಬ್ಬ ಹೆಣ್ಣುಮಗಳ ಅಸ್ಥಿಗಳೂ ಸಿಕ್ಕವು. ಸನ್ಯಾಸಿನಿಯಾಗಿದ್ದ, ತಂದೆಗಿಂತ ಮೊದಲೇ ತೀರಿಕೊಂಡ ಅವನ ಮಗಳದ್ದಿರಬೇಕೆಂದು ಹಲವರು ನಂಬುತ್ತಾರೆ.

ಆದ್ದರಿಂದ ಸಮಾಧಿ ಖಾಲಿಯಲ್ಲ. ಪೂರ್ತಿಯೂ ಅಲ್ಲ! ಸ್ಥಳಾಂತರದ ದಿನ ಅಭಿಮಾನಿಗಳು ಕೆಲವು ಬೆರಳು, ಒಂದು ಹಲ್ಲು, ಒಂದು ಬೆನ್ನೆಲುಬಿನ ಮೂಳೆ ಎತ್ತಿಕೊಂಡರು. ಬಲಗೈಯ ನಡುಬೆರಳು ಈಗ ನದಿಯ ದಂಡೆಯಲ್ಲಿರುವ ಗೆಲಿಲಿಯೊ ವಸ್ತುಸಂಗ್ರಹಾಲಯದಲ್ಲಿದೆ. ಕಳೆದೇಹೋಗಿದ್ದ ಇನ್ನೆರಡು ಬೆರಳು ಮತ್ತು ಹಲ್ಲು 2009ರಲ್ಲಿ ಪತ್ತೆಯಾಗಿ ಅಲ್ಲಿಗೇ ಸೇರಿದವು. ಅತ್ತೆಯವರಿಗೆ ಈ ಬೆರಳಿನ ವಿಷಯ ಈಗಲೇ ಹೇಳಬೇಡಿ.

ಇನ್ನು ಅತ್ತೆಯವರ ಪ್ರಶ್ನೆ. ಮಡಿ ಮೈಲಿಗೆ ಅವರವರ ಮನೆಯ ಪದ್ಧತಿ, ನಾನು ತೀರ್ಪು ಕೊಡುವವಳಲ್ಲ. ಅಲ್ಲಿ ಏನಿದೆ ಎಂಬುದನ್ನಷ್ಟೇ ಹೇಳುತ್ತೇನೆ. ನೆಲದಲ್ಲಿ ಎರಡೂವರೆ ನೂರಕ್ಕೂ ಹೆಚ್ಚು ಸಮಾಧಿ ಚಪ್ಪಡಿಗಳಿವೆ ಎಂಬುದು ನಿಜ. ಅವು ಶತಮಾನಗಳ ಹಿಂದಿನವು. ನಾನು ಮೊದಲ ಸಲ ಹೋದಾಗ ಒಂದನ್ನೂ ತುಳಿಯಬಾರದೆಂದು ಒಂದು ಬಿಡುವಿನಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆ ಆಡಿದಂತೆ ಹಾರುತ್ತಿದ್ದೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಮುದುಕ ಕಾವಲುಗಾರ ನಗುತ್ತ ಎದ್ದುಬಂದು, ‘ನೀವು ತುಳಿಯಲಿ ಎಂದೇ ಅವರು ಇಲ್ಲಿ ಮಲಗಿರುವುದು’ ಎಂದ. ಆಗ ತಮಾಷೆ ಎಂದುಕೊಂಡೆ. ಅದು ತಮಾಷೆಯಲ್ಲ. ಬಾಗಿಲಿಗೆ, ಪೂಜಾಪೀಠಕ್ಕೆ ನಡೆದುಹೋಗುವ ಜನರ ಕಾಲಿನ ಕೆಳಗೆ ಬಿದ್ದಿರುವುದು ಅವರಲ್ಲಿ ದೈನ್ಯದ ಗುರುತು. ನಡೆದು ಹೋಗುವವರು ಒಂದು ಪ್ರಾರ್ಥನೆ ಹೇಳಿದರೆ ಸತ್ತವರಿಗೆ ಒಳ್ಳೆಯದು ಎಂಬ ನಂಬಿಕೆ. ನಮ್ಮ ಹಳೆಯ ದೇವಸ್ಥಾನಗಳ ನೆಲಗಲ್ಲಿನಲ್ಲಿ ಸಾಷ್ಟಾಂಗ ಮಲಗಿದ ಭಕ್ತನ ಉಬ್ಬುಚಿತ್ರ ಕೆತ್ತಿರುತ್ತಾರಲ್ಲ, ದರ್ಶನಕ್ಕೆ ಬಂದವರ ಪಾದಧೂಳಿ ತನ್ನ ಮೇಲೆ ಬೀಳಲಿ ಎಂದು, ಅದೇ ಭಾವ. ಅತ್ತೆಯವರಿಗೆ ಇದು ನನಗಿಂತ ಬೇಗ ಅರ್ಥವಾಗುತ್ತದೆ.

ಚಪ್ಪಡಿಗಳಲ್ಲಿ ಕೆಲವು ಮಟ್ಟಸವಾಗಿವೆ, ಕೆಲವು ಉಬ್ಬುಶಿಲ್ಪದವು. ಒಂದರಲ್ಲಿ ಮುಖ ಪೂರ್ತಿ ಸವೆದು ದಿಂಬಿನ ಕುಚ್ಚು ಮಾತ್ರ ಉಳಿದಿದೆ. ಪಾದಗಳ ಹತ್ತಿರದ ಅಕ್ಷರಗಳು ನೀರಿನಲ್ಲಿ ಕರಗಿದ ಸಾಬೂನುಬಿಲ್ಲೆಯ ಮೇಲಿನ ಹೆಸರಿನಂತೆ ನುಣ್ಣಗಾಗಿವೆ. ತೀರಾ ಸವೆದವುಗಳ ಸುತ್ತ ಹಗ್ಗ ಕಟ್ಟಿರುತ್ತಾರೆ. ಉಳಿದ ಕಡೆ ತುಳಿಯದೆ ನಡೆಯಲು ಜಾಗ ಸಾಕಷ್ಟಿದೆ. ಹೊಸದಾಗಿ ಹೂಳುವ ಸ್ಮಶಾನವಲ್ಲ ಅದು. ವಾಸನೆ, ತೆರೆದ ಗುಂಡಿ ಇಂಥದ್ದೇನೂ ಇಲ್ಲ. ವಿಜಯಪುರದ ಗೋಲ ಗುಮ್ಮಟಕ್ಕೆ ಹೋಗಿಬಂದವರು ಇಲ್ಲಿ ಅಳುಕಬೇಕಾದದ್ದು ಏನೂ ಕಾಣುವುದಿಲ್ಲ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಚರ್ಚಿನ ಪಕ್ಕದಲ್ಲಿ, ಅದೇ ಟಿಕೆಟಿನಲ್ಲಿ, ಕಂಬಗಳ ಸಾಲಿನ ಅಂಗಳಗಳಿವೆ. ನಮ್ಮ ತೊಟ್ಟಿಮನೆಯ ತೊಟ್ಟಿಯನ್ನು ಹತ್ತು ಪಟ್ಟು ಹಿಗ್ಗಿಸಿ ನಡುವೆ ಹುಲ್ಲು ಬೆಳೆಸಿದಂತೆ. ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿಯ ವಿನ್ಯಾಸ ಎನ್ನಲಾಗುವ ಪಾಟ್ಸಿ ಪ್ರಾರ್ಥನಾಗೃಹವೂ ಅಲ್ಲೇ ಇದೆ. ಒಳಗೆ ಹೊಕ್ಕರೆ ಬೂದುಗಲ್ಲು, ಬಿಳಿಗೋಡೆ, ನೀಲಿ ಹಿನ್ನೆಲೆಯ ಸುಟ್ಟಮಣ್ಣಿನ ವೃತ್ತಗಳು, ಮತ್ತೇನೂ ಇಲ್ಲ. ಒಳಗಿನ ಚರ್ಚಿಗಿಂತ ಇದೇ ಹಿಡಿಸಿತು ಎಂದವರನ್ನು ನಾನು ಕಂಡಿದ್ದೇನೆ.

ಒಂದು ಮಾತು: ಅಲ್ಲಿ ಹೆಸರು ಕಂಡ ಕಡೆಯಲ್ಲೆಲ್ಲ ದೇಹವಿಲ್ಲ. ಕವಿ ಡಾಂಟೆಯ ದೊಡ್ಡ ಸ್ಮಾರಕದ ಮುಂದೆ ಜನ ಕೈಮುಗಿದು ನಿಲ್ಲುತ್ತಾರೆ, ಅದು ಖಾಲಿ. ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತ್ತು, 1321ರಲ್ಲಿ ರವೆನ್ನಾದಲ್ಲಿ ಸತ್ತ. ಆಮೇಲೆ ಫ್ಲಾರೆನ್ಸಿನವರು ಅಸ್ಥಿ ಕೇಳಿದಾಗ ರವೆನ್ನಾದ ಸನ್ಯಾಸಿಗಳು ಬಚ್ಚಿಟ್ಟರೇ ಹೊರತು ಕೊಡಲಿಲ್ಲ. ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರಿನ ಫಲಕವನ್ನು ಮಾವನವರು ಖಂಡಿತ ಗುರುತಿಸುತ್ತಾರೆ. ಅವನು ಮಲಗಿರುವುದು ಷಿಕಾಗೊದಲ್ಲಿ. ನಿಜವಾಗಿ ಇರುವವರು ಮೈಕೆಲ್ಯಾಂಜೆಲೊ, ರಾಜಕೀಯ ಚಿಂತಕ ಮ್ಯಾಕಿಯವೆಲ್ಲಿ, 1868ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತು 1887ರಲ್ಲಿ ಇಲ್ಲಿಗೆ ಬಂದ ಸಂಗೀತಗಾರ ರೊಸ್ಸೀನಿ, ಇನ್ನೂ ಹಲವರು.

ತಲೆತಿರುಗಿ ಬೀಳುವ ವಿಷಯಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಸತ್ಯ ಇದೆ, ಅದರ ಮೇಲೆ ಬಹಳ ಮಸಾಲೆ ಇದೆ. 1817ರಲ್ಲಿ ಫ್ರೆಂಚ್ ಲೇಖಕ ಸ್ಟೆಂಡಾಲ್ ಈ ಚರ್ಚಿನಿಂದ ಹೊರಬರುವಾಗ ಎದೆ ಬಡಿದುಕೊಂಡು, ಬಿದ್ದುಬಿಡುತ್ತೇನೇನೋ ಎಂಬ ಭಯದಲ್ಲಿ ನಡೆದದ್ದಾಗಿ ತನ್ನ ಪ್ರವಾಸಕಥನದಲ್ಲಿ ಬರೆದುಕೊಂಡ. ಫ್ಲಾರೆನ್ಸಿನ ಆಸ್ಪತ್ರೆಯೊಂದರ ಮನೋವೈದ್ಯೆ ಗ್ರಾಜಿಯೆಲ್ಲಾ ಮಘೆರಿನಿ ಕಳೆದ ಶತಮಾನದ ಕೊನೆಯಲ್ಲಿ, ಊರು ನೋಡಲು ಬಂದು ಇದ್ದಕ್ಕಿದ್ದಂತೆ ಕಳವಳಗೊಂಡ ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಗಮನಿಸಿ ಅದಕ್ಕೆ ಸ್ಟೆಂಡಾಲನ ಹೆಸರನ್ನೇ ಇಟ್ಟರು. ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಲಕ್ಷಾಂತರ ಜನ ಬಂದುಹೋಗುವ ಊರಿನಲ್ಲಿ ಹಲವು ವರ್ಷಗಳ ಲೆಕ್ಕ ಅದು.

ನಾನು ವೈದ್ಯೆಯಲ್ಲ. ನನ್ನ ಜತೆ ಬಂದವರಲ್ಲಿ ಇಬ್ಬರು ಕುಸಿದು ಕೂತದ್ದನ್ನು ಮಾತ್ರ ನೋಡಿದ್ದೇನೆ, ಎರಡೂ ಸಲ ಕಾರಣ ಕಲೆಯಾಗಿರಲಿಲ್ಲ. ಒಬ್ಬರು ಬೆಳಗಿನ ಏಳು ಗಂಟೆಗೆ ಒಂದು ತುಂಡು ಬ್ರೆಡ್ ತಿಂದು, ಶೌಚಾಲಯ ಸಿಗಲಾರದೆಂದು ನೀರನ್ನೂ ಕುಡಿಯದೆ, ಜುಲೈ ಬಿಸಿಲಿನಲ್ಲಿ ನಾಲ್ಕು ಗಂಟೆ ನಡೆದಿದ್ದರು. ಇನ್ನೊಬ್ಬರು ಚಿತ್ರ ನೋಡಲು ಕತ್ತನ್ನು ಹಿಂದಕ್ಕೆ ಬಾಗಿಸಿಕೊಂಡೇ ಹತ್ತು ನಿಮಿಷ ನಿಂತಿದ್ದರು. ವಯಸ್ಸಾದವರಿಗೆ ಅಷ್ಟೇ ಸಾಕು. ಮಾವನವರು ಬಿಪಿ ಮಾತ್ರೆಯನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳಲಿ, ಮೇಲಿನದ್ದನ್ನು ಬೆಂಚಿನಲ್ಲಿ ಕುಳಿತು ನೋಡಲಿ, ಹೋಗುವ ಮುಂಚೆ ಅವರ ವೈದ್ಯರಿಗೆ ಒಂದು ಮಾತು ಹೇಳಿ. ಶೌಚಾಲಯ ಒಳಗೇ ಇದೆ.

ಸಮಾಧಿಗಳ ಗದ್ದಲದಲ್ಲಿ ಬಹಳ ಜನ ತಪ್ಪಿಸಿಕೊಳ್ಳುವುದು ಗೋಡೆಗಳನ್ನು. ಇದು ನನ್ನ ಕಸುಬಾದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ಮುಖ್ಯ ಪೂಜಾಪೀಠದ ಬಲಕ್ಕೆ ಅಕ್ಕಪಕ್ಕ ಎರಡು ಚಿಕ್ಕ ಪ್ರಾರ್ಥನಾಗೃಹಗಳಿವೆ, ಬಾರ್ದಿ ಮತ್ತು ಪೆರುಟ್ಸಿ. ಎರಡೂ ಬ್ಯಾಂಕ್ ನಡೆಸುತ್ತಿದ್ದ ಮನೆತನಗಳು. ಬಡತನದ ವ್ರತ ಹಿಡಿದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಚರ್ಚನ್ನು ಬಡ್ಡಿ ವ್ಯವಹಾರದ ದುಡ್ಡು ಸಿಂಗರಿಸಿದ್ದು ಹೀಗೆ. ಎರಡನ್ನೂ 14ನೆಯ ಶತಮಾನದ ಆರಂಭದ ದಶಕಗಳಲ್ಲಿ ಚಿತ್ರಿಸಿದವನು ಜೊಟ್ಟೊ. ಒಬ್ಬನೇ ಚಿತ್ರಕಾರ, ನಡುವೆ ಒಂದೇ ಗೋಡೆ, ಆದರೂ ಬಾರ್ದಿ ಗೃಹದ ಚಿತ್ರಗಳು ಇನ್ನೂ ಗಟ್ಟಿ, ಪೆರುಟ್ಸಿಯವು ಮಬ್ಬು. ಏಕೆಂದರೆ ಬಾರ್ದಿಯಲ್ಲಿ ಹಸಿ ಗಾರೆಯ ಮೇಲೆ ಬಣ್ಣ ಹಚ್ಚಿದ. ಗಾರೆಯ ಸುಣ್ಣ ಒಣಗುತ್ತ ಗಾಳಿಯೊಂದಿಗೆ ಸೇರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ದಿನಕ್ಕೆ ಎಷ್ಟು ಚಿತ್ರಿಸಬಹುದೋ ಅಷ್ಟೇ ಗಾರೆ ಮೆತ್ತಬೇಕು. ಪೆರುಟ್ಸಿಯಲ್ಲಿ ಹೆಚ್ಚಿನದನ್ನು ಒಣಗಿದ ಗೋಡೆಯ ಮೇಲೆ ಬರೆದ. ಕೆಲಸ ಬೇಗ ಸಾಗುತ್ತದೆ, ಬಣ್ಣ ಬೇಗ ಉದುರುತ್ತದೆ. ಇದೇ ಪೆರುಟ್ಸಿ ಗೋಡೆಯ ಎರಡು ಆಕೃತಿಗಳನ್ನು ಹುಡುಗ ಮೈಕೆಲ್ಯಾಂಜೆಲೊ ನೋಡಿ ನೋಡಿ ಬರೆದುಕೊಂಡ ಹಾಳೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಮುಂದೆ ಅವನು ಇದೇ ಚರ್ಚಿನಲ್ಲಿ ಮಣ್ಣಾದ.

ಹದಿನೆಂಟನೆಯ ಶತಮಾನದಲ್ಲಿ ಇವೆರಡಕ್ಕೂ ಸುಣ್ಣ ಬಳಿದುಬಿಟ್ಟಿದ್ದರು. ಅದರ ಮೇಲೆ ಗೋಡೆಗೆ ಒತ್ತಿ ಸಮಾಧಿ ಸ್ಮಾರಕಗಳನ್ನು ಕೂರಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಸುಣ್ಣ ಕೆರೆದಾಗ ಚಿತ್ರ ಸಿಕ್ಕಿತು. ಸ್ಮಾರಕ ತೆಗೆದ ಜಾಗದಲ್ಲಿ ಮಾತ್ರ ಅದರ ಆಕಾರವೇ ಬೋಳಾಗಿ ಉಳಿಯಿತು. ಬಾರ್ದಿಯಲ್ಲಿ, ಫ್ರಾನ್ಸಿಸ್ಕನ್ ಪಂಥ ಕಟ್ಟಿದ ಸಂತ ಫ್ರಾನ್ಸಿಸ್ ಸತ್ತು ಮಲಗಿದ ದೃಶ್ಯ ಹುಡುಕಿ. ಶಿಷ್ಯರು ಬಾಗಿ ಕೈಗಳಿಗೆ ಮುತ್ತಿಡುತ್ತಿದ್ದಾರೆ, ಒಬ್ಬ ಪಕ್ಕೆಯ ಗಾಯಕ್ಕೆ ಬೆರಳಿಟ್ಟು ಪರೀಕ್ಷಿಸುತ್ತಿದ್ದಾನೆ, ಇನ್ನೊಬ್ಬ ತಲೆಯ ಬಳಿ ಮೇಲಕ್ಕೆ ನೋಡುತ್ತಿದ್ದಾನೆ. ಇಷ್ಟರ ನಡುವೆ ಒಂದು ಖಾಲಿ. ಮೊದಲು ಸಿಕ್ಕಿದ್ದಾಗ ಒಬ್ಬ ಚಿತ್ರಕಾರ ಅದನ್ನು ತನ್ನ ಕಲ್ಪನೆಯಿಂದ ತುಂಬಿಸಿದ್ದ. ಸುಮಾರು ನೂರು ವರ್ಷದ ಮೇಲೆ ಬಂದ ಸಂರಕ್ಷಕರು ಅದನ್ನು ತೆಗೆದು ಮತ್ತೆ ಖಾಲಿ ಬಿಟ್ಟರು. ಇದ್ದದ್ದು ಇಷ್ಟು, ಹೋದದ್ದು ಇಷ್ಟು ಎಂದು ತೋರಿಸುವ ಧೈರ್ಯ ಅದು. ನಮ್ಮಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಇನ್ನೂರು ವರ್ಷದ ಚಿತ್ರದ ಮೇಲೆ ಎನಾಮೆಲ್ ಬಳಿದದ್ದನ್ನು ನೋಡಿ ನೋಡಿ ಸಾಕಾದ ನನಗೆ ಆ ಬೋಳು ಗೋಡೆ ಕಂಡರೆ ಈಗಲೂ ಅಸೂಯೆ.

ಇಲ್ಲಿರುವ, ಚಿತ್ರಕಾರ ಚಿಮಾಬೂಯೆ ಚಿತ್ರ ಬರೆದ ದೊಡ್ಡ ಮರದ ಶಿಲುಬೆಯದ್ದೂ ಇದೇ ಕಥೆ, ಇನ್ನೂ ಘೋರ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಈ ಬಡಾವಣೆಗೆ ನುಗ್ಗಿತು. ಊರಿನಲ್ಲೇ ತಗ್ಗಿನ ಜಾಗ ಇದು. ಮನೆಗಳ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ತುಂಬಿಸಿಟ್ಟಿದ್ದ ಎಣ್ಣೆಯ ಟ್ಯಾಂಕುಗಳು ಒಡೆದು, ಕೆಸರು ನೀರಿನ ಜತೆ ಕರಿ ಎಣ್ಣೆಯೂ ಬೆರೆಯಿತು. ಶಿಲುಬೆಯ ಬಣ್ಣ ಶೇಕಡ 60ರಷ್ಟು ಹೋಯಿತು. ಕೆಸರಿನಲ್ಲಿ ಬಿದ್ದಿದ್ದ ಚೂರುಗಳನ್ನು ಹೆಕ್ಕಿದರು. ನೀರು ಕುಡಿದು ಉಬ್ಬಿದ ಮರ ಒಣಗುತ್ತ ಕುಗ್ಗಿದರೆ ಉಳಿದ ಬಣ್ಣವೂ ಸಿಡಿಯುತ್ತದೆಂದು ಚಿತ್ರದ ಪದರವನ್ನು ಮರದಿಂದ ಬಿಡಿಸಿ, ಎರಡನ್ನೂ ಬೇರೆ ಬೇರೆಯಾಗಿ ಆರೈಕೆ ಮಾಡಿ ಮತ್ತೆ ಕೂಡಿಸಿದರು. ಹತ್ತು ವರ್ಷದ ಕೆಲಸ. ದೂರದಿಂದ ನೋಡಿದರೆ ಕಣ್ಣು ಗಾಯವನ್ನು ದಾಟಿಹೋಗುತ್ತದೆ. ಹತ್ತಿರದಿಂದ ನೋಡಿದರೆ ಹೋದ ಕಡೆ ಕೂದಲೆಳೆಯಂಥ ಬಣ್ಣದ ಗೀಟುಗಳನ್ನಷ್ಟೇ ತುಂಬಿದ್ದಾರೆಂದು ಗೊತ್ತಾಗುತ್ತದೆ. ಅದೇ ನೀರಿನಲ್ಲಿ ಮುಳುಗಿದ್ದ, ಚಿತ್ರಕಾರ ವಸಾರಿಯ ‘ಕೊನೆಯ ಭೋಜನ’ ಚಿತ್ರ ಗೋಡೆಗೆ ಮರಳಿದ್ದು 2016ರಲ್ಲಿ, ಐವತ್ತು ವರ್ಷದ ಮೇಲೆ. ಮತ್ತೆ ಪ್ರವಾಹ ಬಂದರೆ ಅದನ್ನು ಮೇಲಕ್ಕೆ ಎಳೆದುಕೊಳ್ಳಲು ಯಂತ್ರವನ್ನೂ ಅಳವಡಿಸಿದ್ದಾರೆ.

ಇಷ್ಟನ್ನೆಲ್ಲ ‘ಹೊರಗಿನಿಂದ ವೀಕ್ಷಣೆ’ಯಲ್ಲಿ ಮುಗಿಸುತ್ತಾರಲ್ಲ, ಹೊರಗಿನ ಅಮೃತಶಿಲೆಯ ಮುಖಕ್ಕೆ ಇನ್ನೂರು ವರ್ಷವೂ ಆಗಿಲ್ಲ! ಕಟ್ಟಡ ಶುರುವಾದದ್ದು 1294ರಲ್ಲಿ, ಆ ಮುಂಭಾಗ ಮುಗಿದದ್ದು 1863ರಲ್ಲಿ. ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಟೂರಿನವರು ಕೊಡುವ ಬಿಡುವಿನ ವೇಳೆಯಲ್ಲಿ ಓಡಿಹೋಗಿ ಬರುವುದು. ದೊಡ್ಡ ಬಸ್ಸುಗಳಿಗೆ ಹಳೆಯ ಊರಿನೊಳಗೆ ಪ್ರವೇಶವಿಲ್ಲ, ದೂರದಲ್ಲಿ ಇಳಿಸಿ ನಡೆಸುತ್ತಾರೆ. ಒಂದು ಗಂಟೆಯ ಬಿಡುವಿನಲ್ಲಿ ಹೋಗಿಬರುವ ನಡಿಗೆ, ಟಿಕೆಟ್ ಸಾಲು ಕಳೆದರೆ ಒಳಗೆ ಇಪ್ಪತ್ತು ನಿಮಿಷ ಸಿಗಬಹುದು. ಹೊಸ ಮಂಡಿಯವರನ್ನು ಹಾಗೆ ಓಡಿಸುವುದು ನನಗೆ ಸರಿಕಾಣುವುದಿಲ್ಲ, ಬಸ್ ತಪ್ಪಿದರಂತೂ ಫಜೀತಿ.

ಎರಡನೆಯದು ನನಗೆ ಮೆಚ್ಚು. ಫ್ಲಾರೆನ್ಸಿನ ದಿನದ ಮಧ್ಯಾಹ್ನ ಗುಂಪಿನಿಂದ ಬಿಡುವು ಬೇಕು, ನೇರವಾಗಿ ಹೋಟೆಲಿಗೇ ಬಂದು ಸೇರುತ್ತೇವೆ ಎಂದು ಈಗಲೇ, ಬಾಕಿ ಹಣ ಕಟ್ಟುವ ಮುಂಚೆ, ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಹೋಟೆಲಿನ ಹೆಸರು, ವಿಳಾಸ, ಗುಂಪಿನ ವ್ಯವಸ್ಥಾಪಕರ ಫೋನ್ ನಂಬರು ಕೈಯಲ್ಲಿರಲಿ. ಎಷ್ಟೋ ಟೂರಿನವರು ಹೋಟೆಲನ್ನು ಊರಿನಿಂದ ಬಹಳ ಹೊರಗೆ ಹಿಡಿಯುತ್ತಾರೆ, ಟ್ಯಾಕ್ಸಿಯ ಖರ್ಚು ಲೆಕ್ಕ ಹಾಕಿಕೊಳ್ಳಿ. ಟ್ಯಾಕ್ಸಿಗೆ ಬೀದಿಯಲ್ಲಿ ಕೈ ಅಡ್ಡ ಹಿಡಿದರೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನಿಲ್ದಾಣಕ್ಕೆ ಹೋಗಬೇಕು ಇಲ್ಲವೇ ಫೋನ್ ಮಾಡಬೇಕು. ಮೂರನೆಯದು, ರೋಮಿನಲ್ಲಿ ಒಂದು ದಿನ ಪೂರ್ತಿ ಬಿಡುವಿದ್ದರೆ ವೇಗದ ರೈಲಿನಲ್ಲಿ ಬಂದುಹೋಗುವುದು. ಸುಮಾರು ಒಂದೂವರೆ ಗಂಟೆಯ ದಾರಿ. ಮುಂಗಡ ಕೊಂಡರೆ ಅಗ್ಗ, ಆದರೆ ಅಗ್ಗದ ಟಿಕೆಟ್ಟನ್ನು ಬದಲಿಸಲು ಆಗುವುದಿಲ್ಲ. ಮುಷ್ಕರದ ದಿನ ಸಿಕ್ಕಿಕೊಂಡರೆ ಗೋಳು.

ಯಾವ ದಾರಿಯಾದರೂ ಭಾನುವಾರ ಬೆಳಗ್ಗೆ ಬೇಡ, ಪೂಜೆ ಇರುವುದರಿಂದ ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನದ ಮೇಲೆ. ನೀವು ಹೋಗುವುದು ಜೂನ್ ಎಂದಿದ್ದೀರಿ. ಆ ತಿಂಗಳು ಚರ್ಚಿನ ಮುಂದಿನ ಚೌಕಕ್ಕೆ ಮರಳು ಸುರಿದು, ಸುತ್ತ ಅಟ್ಟಣಿಗೆ ಕಟ್ಟಿ, ಚೆಂಡಾಟವೋ ಕುಸ್ತಿಯೋ ತಿಳಿಯದಂಥ ಹಳೆಯ ಆಟ ಆಡುತ್ತಾರೆ. ಅಂತಿಮ ಪಂದ್ಯ ಸಾಮಾನ್ಯವಾಗಿ 24ಕ್ಕೆ, ಊರಿನ ರಕ್ಷಕ ಸಂತನ ಹಬ್ಬದ ದಿನ. ಪಂದ್ಯದ ದಿನಗಳಲ್ಲಿ ಹಿರಿಯರನ್ನು ಕರೆದುಕೊಂಡು ಆ ಕಡೆ ಸುಳಿಯಬೇಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಸೀರೆಗೆ ಯಾರ ತಕರಾರೂ ಇಲ್ಲ. ಗಂಡಸರು ಟೋಪಿ ತೆಗೆಯಬೇಕು. ಚಪ್ಪಲಿ ಕಳಚುವ ಪದ್ಧತಿಯಿಲ್ಲ, ಅತ್ತೆಯವರು ಬಾಗಿಲಲ್ಲೇ ಬಿಟ್ಟುಬಂದಾರು, ಮೊದಲೇ ಹೇಳಿರಿ. ನೆಲ ಏರುತಗ್ಗಾಗಿರುವುದರಿಂದ ಇಬ್ಬರಿಗೂ ರಬ್ಬರ್ ಅಡಿಯ ಬೂಟು ಒಳ್ಳೆಯದು. ಪ್ರವಾಸಿಗರ ಬಾಗಿಲು ಇರುವುದು ಎದುರಿನ ಮೆಟ್ಟಿಲ ಮೇಲಲ್ಲ, ಎಡಬದಿಯಲ್ಲಿ.

ಒಳಗೆ ಹೋದ ಮೇಲೆ ಪೂಜಾಪೀಠಕ್ಕೆ ಮುಖ ಮಾಡಿ ನಿಂತರೆ ಗೆಲಿಲಿಯೊ ಎಡಗೋಡೆಯಲ್ಲಿ, ಮುಖ್ಯದ್ವಾರದ ಹತ್ತಿರ. ಕೈಯಲ್ಲಿ ದೂರದರ್ಶಕ, ನೋಟ ಮೇಲಕ್ಕೆ. ಇಕ್ಕೆಲಗಳಲ್ಲಿ ಖಗೋಳಶಾಸ್ತ್ರ ಮತ್ತು ಜ್ಯಾಮಿತಿ, ಇಬ್ಬರು ಹೆಂಗಸರ ರೂಪದಲ್ಲಿ. ನೇರ ಎದುರುಗಡೆಯ ಗೋಡೆಯಲ್ಲಿ ಮೈಕೆಲ್ಯಾಂಜೆಲೊ. ಗೆಲಿಲಿಯೊ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಮೈಕೆಲ್ಯಾಂಜೆಲೊ ಸತ್ತದ್ದು ಅದೇ ತಿಂಗಳು 18ರಂದು. ಮೂರೇ ದಿನ ಇಬ್ಬರೂ ಒಟ್ಟಿಗೆ ಈ ಭೂಮಿಯ ಮೇಲಿದ್ದರು. ಮಾವನವರನ್ನು ಎರಡರ ನಡುವೆ ಒಂದು ಬೆಂಚಿನಲ್ಲಿ ಕೂರಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು, ನೀವು ಜೊಟ್ಟೊ ನೋಡಿ ಬನ್ನಿ. ಅವರಿಗೆ ಅಷ್ಟು ಹೊತ್ತು ಬೇಕಾಗುತ್ತದೆ.